ಹೈದರಾಬಾದ್: ನೆಲ, ಜನ, ಸರಕು

ತೆಲಂಗಾಣ ರಾಜ್ಯದ ರಾಜಧಾನಿ. ಕೃಷ್ಣೆಯ ಉಪನದಿಯಾದ ಮೂಸಿಯ ಎರಡೂ ದಡಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿ ಹಬ್ಬಿದೆ. ಗೋಲ್ಕೊಂಡದ ಐದನೆಯ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ 1591ರಲ್ಲಿ ಈ ಊರು ಕಟ್ಟಿಸಿದ. 1687ರಲ್ಲಿ ಔರಂಗಜೇಬನ ಕೈಸೇರಿ, 1724ರಿಂದ ಅಸಫ್ ಜಾಹಿ ನಿಜಾಮರ ಆಳ್ವಿಕೆ ಕಂಡು, 1948ರ ಸೆಪ್ಟೆಂಬರಿನಲ್ಲಿ ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಿಂದ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿತ್ತು, 2014ರ ಜೂನ್ 2ರಿಂದ ತೆಲಂಗಾಣಕ್ಕೆ ರಾಜಧಾನಿ. 2011ರ ಜನಗಣತಿಯಲ್ಲಿ ಮಹಾನಗರ ಪಾಲಿಕೆಯ ಜನಸಂಖ್ಯೆ 68 ಲಕ್ಷದ ಆಸುಪಾಸಿನಲ್ಲಿತ್ತು.

ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಈ ಊರು ಪರಸ್ಥಳವಲ್ಲ. ಆ ಸೀಮೆ ನಿಜಾಮರ ರಾಜ್ಯದಲ್ಲಿದ್ದ ಅಜ್ಜಂದಿರ ಕಾಲದಲ್ಲಿ ಅವರ ಕಂದಾಯ, ಕೋರ್ಟು, ಪರೀಕ್ಷೆ, ನೌಕರಿ ಎಲ್ಲವೂ ಮುಖ ಮಾಡಿದ್ದು ಇದರ ಕಡೆಗೆ. ಬೆಂಗಳೂರು ಆಗ ಅವರಿಗೆ ಬೇರೆ ದೇಶದ ಪಟ್ಟಣ.

ಪ್ರವಾಸಿ ಕೈಪಿಡಿಗಳು ಹೈದರಾಬಾದಿನ ವಿಶೇಷಗಳೆಂದು ನಾಲ್ಕೈದನ್ನು ಹೇಳುತ್ತವೆ: ಚಾರ್‌ಮಿನಾರ್, ಮುತ್ತು, ಬಿರಿಯಾನಿ, ಹಲೀಮ್, ಇರಾನಿ ಚಹಾ. ಪಟ್ಟಿ ತಪ್ಪೇನಲ್ಲ. ಆದರೆ ಮುತ್ತು ಸಿಗುವ ಕಡಲು ಸಾವಿರಾರು ಕಿಲೋಮೀಟರ್ ಆಚೆ ಇದೆ. ಗೋಲ್ಕೊಂಡದ ವಜ್ರವನ್ನು ಅಗೆದದ್ದು ಕೃಷ್ಣೆಯ ದಡದಲ್ಲಿ. ಹಲೀಮ್ ತಂದವರು ಅರಬರು, ಚಹಾದ ಅಂಗಡಿ ತೆರೆದವರು ಇರಾನಿಗಳು. ಊರು ಕಟ್ಟಿಸಿದ ಮನೆತನವೇ ಇರಾನಿನ ಹಮದಾನಿನಿಂದ ಹೊರಟು, ಬೀದರಿನ ದರ್ಬಾರಿನಲ್ಲಿ ಚಾಕರಿ ಮಾಡಿ, ಆಮೇಲೆ ಗೋಲ್ಕೊಂಡಕ್ಕೆ ಬಂದದ್ದು. ಎಲ್ಲಿಂದಲೋ ಬಂದದ್ದನ್ನು ಕೊರೆದು, ಉಜ್ಜಿ, ಬೇಯಿಸಿ ತನ್ನದಾಗಿಸಿಕೊಳ್ಳುವುದೇ ಈ ಊರಿನ ದೊಡ್ಡ ಗುಣ. ಹಾಗೆ ಬಂದದ್ದರಲ್ಲಿ ಕನ್ನಡ ನೆಲದಿಂದ ಹೋದದ್ದೂ ಸಾಕಷ್ಟಿದೆ. ತೆಲುಗಿನವರೂ ಉರ್ದುವಿನವರೂ ಬರೆದ ನಗರಚರಿತ್ರೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು.

ನೆಲ ಮತ್ತು ನೀರು

ಊರಿನಲ್ಲಿ ನಿಜಕ್ಕೂ ಸ್ಥಳೀಯವಾದದ್ದು ಬಂಡೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇಲ್ಲಿ ನೆಲದಿಂದ ಮೇಲೆದ್ದು, ಬಿಸಿಲು ಮಳೆಗೆ ಸೀಳಿ, ಒಂದರ ಮೇಲೊಂದು ಕೂತಿದೆ. ಯಾರೋ ಎತ್ತಿಟ್ಟಂತೆ ಕಾಣುವ ಈ ಗುಂಡುಗಳನ್ನು ಯಾರೂ ಎತ್ತಿಟ್ಟಿಲ್ಲ. ಸುತ್ತಲಿನ ಮೆತ್ತನೆಯ ಭಾಗ ಕೊಚ್ಚಿಹೋಗಿ ಗಟ್ಟಿಯಾದದ್ದು ಉಳಿದುಕೊಂಡಿದೆ. ಗೋಲ್ಕೊಂಡ ಕೋಟೆಯ ಗೋಡೆ ಹಲವು ಕಡೆ ಇಂಥ ಬಂಡೆಯನ್ನೇ ಬಳಸಿಕೊಂಡು ಸಾಗುತ್ತದೆ. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್‌ನ ಹಳೆಯ ಮನೆಗಳಲ್ಲಿ ಕೆಲವು ಬಂಡೆಯನ್ನು ಒಡೆಯದೆ ಅದರ ಸುತ್ತಲೇ ಕಟ್ಟಿಸಿದವು. ಆಮೇಲೆ ಬಂದ ಬಡಾವಣೆಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪಶ್ಚಿಮದ ಐಟಿ ಪ್ರದೇಶದಲ್ಲಿ ಕಳೆದ ಮೂರು ದಶಕಗಳಲ್ಲಿ ಸಿಡಿಮದ್ದಿಗೆ ಹೋದ ಕಲ್ಲು, ನಾಲ್ಕು ಶತಮಾನಗಳಲ್ಲಿ ಸುಲ್ತಾನರೂ ನಿಜಾಮರೂ ಒಡೆದದ್ದಕ್ಕಿಂತ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಬಂಡೆಯ ಊರಿಗೆ ನೀರು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಅರಮನೆಗಿಂತ ಮೊದಲು ಕೆರೆ ಬಂತು. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1560ರ ದಶಕದ ಆರಂಭದಲ್ಲಿ ಹುಸೇನ್ ಶಾಹ ವಲಿಯ ಮೇಲ್ವಿಚಾರಣೆಯಲ್ಲಿ ಹುಸೇನ್ ಸಾಗರ ಕಟ್ಟಿದರು. ಚಾರ್‌ಮಿನಾರ್ ಏಳುವುದಕ್ಕೆ ಮೂರು ದಶಕ ಮುಂಚೆ. ಇವತ್ತು ಹೈದರಾಬಾದ್ ಮತ್ತು ಸಿಕಂದರಾಬಾದ್ ಎಂಬ ಅವಳಿ ನಗರಗಳ ನಡುವೆ ಆ ಕೆರೆ, ಅದರ ಏರಿಯೇ ಟ್ಯಾಂಕ್ ಬಂಡ್. ಕೆರೆಯ ನಡುವಿನ ಬುದ್ಧನ ಏಕಶಿಲಾ ವಿಗ್ರಹ 1990ರ ಮಾರ್ಚಿನಲ್ಲಿ ಸಾಗಿಸುವಾಗ ದೋಣಿಯಿಂದ ಜಾರಿ ನೀರಿಗೆ ಬಿತ್ತು, ಜೀವಹಾನಿಯೂ ಆಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ತಳದಲ್ಲಿ ಮಲಗಿದ್ದ ವಿಗ್ರಹವನ್ನು 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸಿದರು.

ಮೂಸಿ ಬೇಸಿಗೆಯಲ್ಲಿ ನದಿಯೆಂದು ಹೇಳಿದರೆ ನಂಬುವಂತಿಲ್ಲ. 1908ರ ಸೆಪ್ಟೆಂಬರ್ 28ರಂದು ಅದೇ ಹೊಳೆ ಸೇತುವೆಗಳನ್ನು ದಾಟಿ ಊರಿನೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂಬುದು ವಾಡಿಕೆಯ ಅಂದಾಜು. ಅಫ್ಜಲ್ ಗಂಜಿನ ಬಳಿ ಒಂದು ಹುಣಸೆಮರ ಹತ್ತಿ ನೂರೈವತ್ತರಷ್ಟು ಜನ ಉಳಿದುಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಈಗಲೂ ತೋರಿಸುತ್ತಾರೆ. ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ಮುಂಬಯಿ ಪ್ರಾಂತ್ಯದ ಸೇವೆಯಿಂದ ಆಗತಾನೆ ಬಿಡುಗಡೆ ಬಯಸಿದ್ದ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು. ನದಿಗೆ ಎತ್ತರದ ಗೋಡೆ ಕಟ್ಟಿಬಿಡಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವರು ಊರಿನ ಮೇಲ್ಭಾಗಕ್ಕೆ ಹೋಗಿ ಜಲಾನಯನವನ್ನು ಅಳೆದರು. ಹೊಳೆ ಊರಿಗೆ ಬರುವ ಮೊದಲೇ ಅದನ್ನು ತಡೆದು ಹಿಡಿಯುವ ಎರಡು ಜಲಾಶಯಗಳನ್ನು ಸೂಚಿಸಿದರು. ಮೂಸಿಗೆ ಅಡ್ಡವಾಗಿ ಉಸ್ಮಾನ್ ಸಾಗರ 1920ರಲ್ಲೂ, ಅದರ ಉಪನದಿ ಈಸಿಗೆ ಅಡ್ಡವಾಗಿ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಪ್ರವಾಹ ತಡೆಯುವುದಕ್ಕೆ ಕಟ್ಟಿದ ಈ ಕೆರೆಗಳೇ ಮುಂದಿನ ಹಲವು ದಶಕ ಊರಿಗೆ ಕುಡಿಯುವ ನೀರು ಕೊಟ್ಟವು. ಚರಂಡಿ ವ್ಯವಸ್ಥೆಯ ಯೋಜನೆಯೂ ಅವರದೇ. ಮೈಸೂರಿನ ಮುಖ್ಯ ಎಂಜಿನಿಯರಾಗಿ ಅವರು ಹೋದದ್ದು ಈ ಕೆಲಸದ ಬೆನ್ನಿಗೆ, 1909ರ ಕೊನೆಯಲ್ಲಿ. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯನವರನ್ನು ನಾವು ಚೆನ್ನಾಗಿ ಬಲ್ಲೆವು, ಮೂಸಿಯ ವಿಶ್ವೇಶ್ವರಯ್ಯನವರನ್ನು ಅಷ್ಟಾಗಿ ಅಲ್ಲ. ಈ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವರೆಗೆ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಟ ಆದೇಶ ರಿಯಲ್ ಎಸ್ಟೇಟಿನವರಿಗೆ ಬಹುಕಾಲ ಕಣ್ಣುಕಿಸುರಾಗಿತ್ತು.

ಕಟ್ಟಡಗಳು

ಗೋಲ್ಕೊಂಡ ಮೊದಲು ಕಾಕತೀಯರ ಮಣ್ಣಿನ ಕೋಟೆ. ಹದಿನಾಲ್ಕನೆಯ ಶತಮಾನದಲ್ಲಿ ಕಲಬುರಗಿಯ ಬಹಮನಿಗಳ ಕೈಸೇರಿತು. ಬಹಮನಿ ರಾಜ್ಯ ಬೀದರಿನಲ್ಲಿ ಕುಸಿಯುತ್ತಿದ್ದಾಗ ತೆಲಂಗಾಣದ ಸುಬೇದಾರನಾಗಿದ್ದ ಸುಲ್ತಾನ್ ಕುಲಿ ಸ್ವತಂತ್ರನಾಗಿ ಇಲ್ಲಿ ಕಲ್ಲಿನ ಕೋಟೆ ಕಟ್ಟಿದ. ಬುರುಜುಗಳು 87. ಫತೇ ದರವಾಜದ ಗುಮ್ಮಟದ ಕೆಳಗೆ ತಟ್ಟಿದ ಚಪ್ಪಾಳೆ ಬೆಟ್ಟದ ತುದಿಯ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆ. ಮಾರ್ಗದರ್ಶಿಗಳು ಇದನ್ನು ದಿನವಿಡೀ ತಟ್ಟಿ ತೋರಿಸುತ್ತಾರೆ. ಅದಕ್ಕಿಂತ ಬೆರಗಿನದು, ಯಾರೂ ನಿಂತು ನೋಡದ ಮಣ್ಣಿನ ಕೊಳವೆಗಳು. ದುರ್ಗಂ ಚೆರುವಿನಿಂದ ಬಂದ ನೀರನ್ನು ಹಂತ ಹಂತವಾಗಿ ರಾಟೆಗಳಿಂದ ಎತ್ತಿ ತೊಟ್ಟಿಗಳಲ್ಲಿ ತುಂಬಿ, ಕೊಳವೆಗಳಲ್ಲಿ ಮಹಲುಗಳಿಗೆ ಹರಿಸುತ್ತಿದ್ದರು. 1687ರಲ್ಲಿ ಔರಂಗಜೇಬ ಎಂಟು ತಿಂಗಳು ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. ಒಳಗಿನವನೊಬ್ಬ ಬಾಗಿಲು ತೆರೆದ ಮೇಲೆ ಬಿತ್ತು. ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾ ಶಾಹ ದೌಲತಾಬಾದಿನ ಸೆರೆಯಲ್ಲಿ ಸತ್ತ. ಕೋಟೆಯ ಪಕ್ಕದ ಕುತುಬ್ ಶಾಹಿ ಗೋರಿಗಳ ಸಾಲಿನಲ್ಲಿ ಅವನ ಸಮಾಧಿ ಇಲ್ಲ. ಭದ್ರಾಚಲದ ಗುಡಿ ಕಟ್ಟಿಸಲು ಸರ್ಕಾರದ ಹಣ ಬಳಸಿದನೆಂದು ಕಂಚರ್ಲ ಗೋಪಣ್ಣ, ಅಂದರೆ ರಾಮದಾಸ, ಸೆರೆಯಲ್ಲಿದ್ದದ್ದು ಈ ತಾನಾ ಶಾಹನ ಕಾಲದಲ್ಲಿ. ಅವನ ಮಂತ್ರಿಗಳು ಅಕ್ಕಣ್ಣ, ಮಾದಣ್ಣ ಎಂಬ ಬ್ರಾಹ್ಮಣ ಸೋದರರು.

ಕೋಟೆಯೊಳಗೆ ಜನ ಹೆಚ್ಚಿ ನೀರು ಕೆಟ್ಟಾಗ ಮೂಸಿಯ ಆಚೆ ದಡದಲ್ಲಿ ಹೊಸ ಊರು ಹಾಕಿದರು. ಅಲ್ಲಿಗೆ ಹೋಗಲು ಪುರಾನಾ ಪುಲ್ 1578ರಲ್ಲೇ ಆಗಿತ್ತು. ಊರಿನ ನಕ್ಷೆ ಪೇಶ್ವೆಯಾಗಿದ್ದ ಮೀರ್ ಮೋಮಿನನದು: ಎರಡು ಹೆದ್ದಾರಿಗಳು ಕೂಡುವ ಕಡೆ ಚಾರ್‌ಮಿನಾರ್, ಅಲ್ಲಿಂದ ನಾಲ್ಕು ದಿಕ್ಕಿಗೆ ಬೀದಿ. ಮೇಲಂತಸ್ತಿನಲ್ಲಿ ಮಸೀದಿ, ಏರಲು 149 ಮೆಟ್ಟಿಲು. ನಾಲ್ಕು ಮುಖಗಳ ಗಡಿಯಾರಗಳು ಬಹಳ ತಡವಾಗಿ, 1889ರಲ್ಲಿ ಬಂದವು. ಚಾರ್‌ಮಿನಾರನ್ನು 1591ರಲ್ಲಿ ಪ್ಲೇಗ್ ತೊಲಗಿದ ಸಂತೋಷಕ್ಕೆ ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಹಿಜರಿ ಶಕೆಗೆ ಸಾವಿರ ತುಂಬಿದ ವರ್ಷವೂ ಅದೇ ಆಗಿದ್ದರಿಂದ ಇತಿಹಾಸಕಾರರು ಆ ಕಡೆಗೂ ಕೈ ತೋರುತ್ತಾರೆ. ಭಾಗಮತಿ ಎಂಬ ನರ್ತಕಿಗಾಗಿ ಸುಲ್ತಾನ ಭಾಗನಗರ ಕಟ್ಟಿದನೆಂಬ ಕಥೆಯನ್ನು ಎಚ್.ಕೆ. ಶೇರ್ವಾನಿ ಅವರಂಥ ವಿದ್ವಾಂಸರು ಒಪ್ಪಿಲ್ಲ. ಕಥೆ ಮಾತ್ರ ಸಾಯುವ ಲಕ್ಷಣವಿಲ್ಲ. ಪಕ್ಕದ ಮಕ್ಕಾ ಮಸೀದಿಯನ್ನು ಹದಿನೇಳನೆಯ ಶತಮಾನದ ಆರಂಭದಲ್ಲಿ ಕುತುಬ್ ಶಾಹಿಗಳು ಹಿಡಿದರು, 1694ರಲ್ಲಿ ಔರಂಗಜೇಬ ಮುಗಿಸಿದ. ನಡುವೆ ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಅರೆಬರೆ ಮಸೀದಿಯನ್ನು ಕಂಡು ಬರೆದಿಟ್ಟಿದ್ದಾನೆ.

ನಿಜಾಮರ ಕಾಲದ ಕಟ್ಟಡಗಳಲ್ಲಿ ಕೋಠಿಯ ಬ್ರಿಟಿಷ್ ರೆಸಿಡೆನ್ಸಿ, ಚೌಮಹಲ್ಲಾ ಅರಮನೆ, 101 ಜನ ಒಟ್ಟಿಗೆ ಕೂರುವ ಊಟದ ಮೇಜಿನ ಫಲಕ್‌ನುಮಾ ಹೆಸರಾದವು. ರೆಸಿಡೆನ್ಸಿ ಈಗ ಮಹಿಳಾ ವಿಶ್ವವಿದ್ಯಾಲಯ, ಫಲಕ್‌ನುಮಾ 2010ರಿಂದ ಹೋಟೆಲು. ಇವುಗಳ ವೈಭವ ಕಣ್ಣು ಕುಕ್ಕುತ್ತದೆ. ಆದರೆ ಸಾಮಾನ್ಯನ ಹೈದರಾಬಾದು ರೂಪುಗೊಂಡದ್ದು ಪ್ರವಾಹದ ನಂತರ, 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂದ ಮೇಲೆ. ವಿನ್ಸೆಂಟ್ ಎಶ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಕಾಚಿಗುಡ ರೈಲು ನಿಲ್ದಾಣ, ಸಿಟಿ ಕಾಲೇಜು, ಉಸ್ಮಾನಿಯಾ ಆಸ್ಪತ್ರೆಗಳನ್ನು ರೂಪಿಸಿದ. 1935ರ ಮುಅಜ್ಜಂ ಜಾಹಿ ಮಾರುಕಟ್ಟೆಯೂ 1939ರಲ್ಲಿ ಮುಗಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜೂ ಸ್ಥಳೀಯ ಗ್ರಾನೈಟಿನವು. ಆರ್ಟ್ಸ್ ಕಾಲೇಜಿನಲ್ಲಿ ಅಜಂತಾ, ಎಲ್ಲೋರದ ಕಂಬಗಳೂ ಅರಬ್ಬಿ ಕಮಾನುಗಳೂ ಒಟ್ಟಿಗೆ ನಿಂತಿವೆ. ಕಾಗದದ ಮೇಲೆ ಇದು ಕಲಸುಮೇಲೋಗರ ಅನ್ನಿಸಬಹುದು. ಎದುರು ನಿಂತಾಗ ಹಾಗನ್ನಿಸುವುದಿಲ್ಲ. ಊರಿನ ಅತ್ಯುತ್ತಮ ಕಟ್ಟಡ ಯಾವುದೆಂದು ಕೇಳಿದರೆ ಈ ಲೇಖಕನ ಮತ ಅದಕ್ಕೆ.

ಇಂಥ ಹಲವು ಕಟ್ಟಡಗಳ ಅಂಗಳಕ್ಕೂ ಸಾವಿರಾರು ಮನೆಗಳ ನೆಲಕ್ಕೂ ಹಾಸಿದ್ದು ಶಹಾಬಾದಿ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದಿನ ಗಣಿಗಳಿಂದ ಪದರು ಪದರಾಗಿ ಏಳುವ ಈ ಸುಣ್ಣದ ಹಾಸುಗಲ್ಲು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ಗಾಡಿಗಟ್ಟಲೆ ಹೋಯಿತು. ಹೈದರಾಬಾದನ್ನು ಹೊರ ಜಗತ್ತಿಗೆ ಮೊದಲು ಜೋಡಿಸಿದ ರೈಲು ಹಳಿ ಹೊರಟದ್ದೂ ಹೀಗೆ ಕನ್ನಡದ ಒಂದು ಜಂಕ್ಷನ್ನಿನಿಂದ.

ಜನ

ಹಳೆಯ ಊರಿನ ಬಡಾವಣೆಗಳೇ ಯಾರು ಎಲ್ಲಿಂದ ಬಂದರೆಂದು ಹೇಳುತ್ತವೆ. ಬಾರ್ಕಸ್‌ನಲ್ಲಿ ಯೆಮೆನಿನ ಹದ್ರಮೌತ್‌ನಿಂದ ನಿಜಾಮನ ಸೈನ್ಯಕ್ಕೆ ಸೇರಿದ ಅರಬರ ವಂಶಸ್ಥರಿದ್ದಾರೆ. ಎ.ಸಿ. ಗಾರ್ಡ್ಸ್ ಎಂಬುದು ಆಫ್ರಿಕಾ ಮೂಲದ ಸಿದ್ದಿ ಅಶ್ವದಳದ ನೆಲೆ. ಮದುವೆ ಮೆರವಣಿಗೆಗಳ ಮರ್ಫಾ ವಾದ್ಯಮೇಳ ಈ ಅರಬರು, ಸಿದ್ದಿಗಳ ಕೊಡುಗೆ. ಬೇಗಂ ಬಜಾರಿನ ಸಗಟು ವ್ಯಾಪಾರ ಮಾರವಾಡಿಗಳದು. ಸಿಕಂದರಾಬಾದ್ 1806ರಲ್ಲಿ ಬ್ರಿಟಿಷ್ ದಂಡಿನ ಊರಾಗಿ ಹುಟ್ಟಿದ್ದರಿಂದ ಅಲ್ಲಿ ತಮಿಳರು, ಪಾರ್ಸಿಗಳು, ಆಂಗ್ಲೋ ಇಂಡಿಯನ್ನರು ಹೆಚ್ಚು. ಉತ್ತರದಿಂದ ಬಂದ ಕಾಯಸ್ಥರು ಲೆಕ್ಕಪತ್ರದ ಕೆಲಸ ಹಿಡಿದರು. ಕನ್ನಡಿಗರು, ಮರಾಠಿಗರು ಕಾಚಿಗುಡ, ಸುಲ್ತಾನ್ ಬಜಾರ್ ಸುತ್ತ ನೆಲೆಸಿದರು. ಬಹುಸಂಖ್ಯೆಯ ತೆಲುಗರು ಮಾತ್ರ ಯಾವ ರಾಜನ ಕಾಲದಲ್ಲೂ ಎಲ್ಲಿಂದಲೂ ಬರಬೇಕಾಗಿರಲಿಲ್ಲ.

ಹೊರಗಿನವರನ್ನು ಕರೆದು ಕೂರಿಸಿದ ಈ ಊರೇ, ಹೊರಗಿನವರು ಯಾರು ಎಂದು ಪದೇ ಪದೇ ಜಗಳಾಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಿವಾನ ಸಾಲಾರ್ ಜಂಗ್ ಆಡಳಿತ ಸುಧಾರಣೆಗೆಂದು ಉತ್ತರ ಭಾರತದ ಓದಿದವರನ್ನು ಕರೆಸಿದಾಗಲೇ ಮುಲ್ಕಿ, ಗೈರ್ ಮುಲ್ಕಿ (ನಾಡಿನವರು, ಹೊರಗಿನವರು) ಎಂಬ ತಕರಾರು ಮೊದಲಾಯಿತು. 1952ರಲ್ಲಿ ಅದಕ್ಕಾಗಿ ಗೋಲಿಬಾರ್ ಆಯಿತು, 1969ರಲ್ಲಿ ತೆಲಂಗಾಣ ಚಳವಳಿಯಾಯಿತು, 2014ರಲ್ಲಿ ಪ್ರತ್ಯೇಕ ರಾಜ್ಯವೇ ಆಯಿತು.

ವ್ಯಕ್ತಿಗಳಲ್ಲಿ ಮೊದಲು ಹೆಸರಿಸಬೇಕಾದವಳು ಮಾಹ್ ಲಕಾ ಬಾಯಿ ಚಂದಾ (1768–1824). ಗಾಯಕಿ, ನರ್ತಕಿ, ಆಸ್ಥಾನದ ಗೌರವ ಪಡೆದವಳು. ಉರ್ದುವಿನಲ್ಲಿ ತನ್ನದೇ ದಿವಾನ್ (ಕವನ ಸಂಗ್ರಹ) ಇರುವ ಮೊದಲ ಕವಯಿತ್ರಿಯರಲ್ಲಿ ಒಬ್ಬಳು. ಮೌಲಾ ಅಲಿ ಬೆಟ್ಟದ ಬುಡದಲ್ಲಿ ಅವಳ ಸಮಾಧಿ ಇದೆ. ಮೊದಲನೆಯ ಸಾಲಾರ್ ಜಂಗ್ 1853ರಿಂದ 1883ರವರೆಗೆ ದಿವಾನನಾಗಿ ರಾಜ್ಯವನ್ನು ಸಾಲದಿಂದ ಎತ್ತಿದ. ಅವನನ್ನು ಕನ್ನಡಿಗರು ಇನ್ನೊಂದು ಕಾರಣಕ್ಕೂ ನೆನೆಯಬೇಕು: ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಹೈದರಾಬಾದಿಗೆ ಬಂದಾಗ ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದ್ದು ಇವನ ಆಡಳಿತ. ಸೆರೆಯಲ್ಲಿದ್ದ ರಾಜನನ್ನು ಕಂಡು ಮಾತಾಡಿದ್ದನ್ನು ಅವನ ಹಳೆಯ ಪೋಷಕ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಏಳನೆಯ ಮತ್ತು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ (1886–1967) ಬಗ್ಗೆ ಕಥೆಗಳು ಜಾಸ್ತಿ. 1937ರ ಫೆಬ್ರವರಿಯಲ್ಲಿ ‘ಟೈಮ್’ ಪತ್ರಿಕೆ ಅವನನ್ನು ಜಗತ್ತಿನ ಅತಿ ಶ್ರೀಮಂತನೆಂದು ಮುಖಪುಟದಲ್ಲಿ ಹಾಕಿತು. ತಂದೆಯ ಚಡಾವಿನೊಳಗೆ ಸಿಕ್ಕ 184 ಕ್ಯಾರೆಟ್ಟಿನ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಡುತ್ತಿದ್ದನಂತೆ. ಆ ವಜ್ರ ಸೇರಿದಂತೆ ನಿಜಾಮರ ಒಡವೆಗಳನ್ನು ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡಿತು. ಅವನ ಹೆಸರಿನ ವಿಶ್ವವಿದ್ಯಾಲಯ, ಆಸ್ಪತ್ರೆ, ಜಲಾಶಯಗಳು ಉಳಿದಿವೆ; ರಜಾಕಾರರೆಂಬ ಸಶಸ್ತ್ರ ಪಡೆಯನ್ನು ತಡೆಯದ ಹೊಣೆಯೂ ಉಳಿದಿದೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಲೇಖನ ಅರ್ಧ ಲೇಖನ. ರಾಜ್ಯವನ್ನು ಭಾರತ ಒಕ್ಕೂಟಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ಹಿಂಸೆಯಲ್ಲಿ ಮೊದಲು ಒಂದು ಕಡೆಯವರು, ಆಮೇಲೆ ಇನ್ನೊಂದು ಕಡೆಯವರು ಸತ್ತರು. ಬೀದರ, ಕಲಬುರಗಿಯ ಹಳ್ಳಿಗಳು ಎರಡಕ್ಕೂ ಸಾಕ್ಷಿ.

ಸರೋಜಿನಿ ನಾಯ್ಡು 1879ರಲ್ಲಿ ಹುಟ್ಟಿದ್ದು ಇಲ್ಲಿ. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ. ಕವಿ ಮಖ್ದೂಂ ಮೊಹಿಯುದ್ದೀನ್ ತೆಲಂಗಾಣ ರೈತ ಹೋರಾಟದ ಕಮ್ಯುನಿಸ್ಟ್ ನಾಯಕನೂ ಹೌದು. ಕೋಚ್ ಸಯ್ಯದ್ ಅಬ್ದುಲ್ ರಹೀಮ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡಕ್ಕೆ 1950ರಿಂದ ಸತತ ಐದು ರೋವರ್ಸ್ ಕಪ್ ಗೆಲ್ಲಿಸಿ, 1962ರಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದರು. ಚಿತ್ರನಿರ್ದೇಶಕ ಶ್ಯಾಮ್ ಬೆನಗಲ್ ಕರ್ನಾಟಕ ಕರಾವಳಿ ಮೂಲದ ಕೊಂಕಣಿ ಮನೆತನದವರು. ಹುಟ್ಟಿ ಬೆಳೆದದ್ದು ತಿರುಮಲಗಿರಿಯಲ್ಲಿ, ಓದಿದ್ದು ನಿಜಾಮ್ ಕಾಲೇಜಿನಲ್ಲಿ.

ಮಾತು

ಊರಿನ ಬೀದಿಯ ಮಾತು ದಖ್ಖನಿ ಉರ್ದು. ಲಖನೌದವರು ಇದನ್ನು ಕೇಳಿ ನಗುವುದುಂಟು. ಆದರೆ ಅಲ್ಲಿ ಉರ್ದು ಕಾವ್ಯ ಹುಟ್ಟುವುದಕ್ಕೆ ಬಹಳ ಮೊದಲೇ ಇಲ್ಲಿ ಪುಸ್ತಕಗಳಾಗಿದ್ದವು. ಆ ಹಳೆಯ ಪುಸ್ತಕಗಳ ಊರು ಹುಡುಕಿದರೆ ಹೈದರಾಬಾದಿನಿಂದ ಪಶ್ಚಿಮಕ್ಕೆ ಬರಬೇಕು. ದಖ್ಖನಿಯಲ್ಲಿ ಸಿಕ್ಕಿರುವ ಅತಿ ಹಳೆಯ ದೀರ್ಘಕಾವ್ಯ ‘ಕದಂ ರಾವ್ ಪದಂ ರಾವ್’ ಹದಿನೈದನೆಯ ಶತಮಾನದಲ್ಲಿ ಬಹಮನಿ ದರ್ಬಾರಿನ ನಿಜಾಮಿ ಬರೆದದ್ದು. ಅದಕ್ಕೂ ಮುಂಚೆ ಕಲಬುರಗಿಯ ಸೂಫಿ ಬಂದೇ ನವಾಜ್ (ನಿಧನ 1422) ಜನರಾಡುವ ಮಾತಿನಲ್ಲಿ ಬೋಧಿಸಿದರು. ಅದೇ ನುಡಿಯಲ್ಲಿ ಆಮೇಲೆ ಮುಹಮ್ಮದ್ ಕುಲಿ ಕುತುಬ್ ಶಾಹ ಮಳೆಗಾಲ, ಬಸಂತ, ಹಣ್ಣುಹಂಪಲುಗಳ ಮೇಲೂ ಪದ್ಯ ಕಟ್ಟಿದ. ಮರಾಠಿ, ತೆಲುಗು, ಕನ್ನಡಗಳ ಜೊತೆ ಶತಮಾನಗಳ ಕಾಲ ಬಾಳಿದ ಈ ಮಾತಿನ ಎಳೆತ ರಾಯಚೂರಿನ ಸಂತೆಯಲ್ಲೂ ಚಾರ್‌ಮಿನಾರಿನ ಕೆಳಗೂ ಬಹುತೇಕ ಒಂದೇ.

ಸರಕು ಮತ್ತು ತಿನಿಸು

ಕೊಹಿನೂರ್, ಹೋಪ್, ರೀಜೆಂಟ್ ಮೊದಲಾದ ವಜ್ರಗಳು ಕೃಷ್ಣಾ ಕಣಿವೆಯ ಕೊಲ್ಲೂರಿನಂಥ ಗಣಿಗಳಲ್ಲಿ ಸಿಕ್ಕವೆಂಬುದು ಹಲವರ ಅಭಿಪ್ರಾಯ. ಗೋಲ್ಕೊಂಡ ಅವುಗಳ ಪೇಟೆ. ಗೋಲ್ಕೊಂಡಕ್ಕೂ ಹೈದರಾಬಾದಿಗೂ ನಡುವಿನ ಕಾರ್ವಾನಿನಲ್ಲಿ ವಜ್ರ ಸಾಣೆ ಹಿಡಿಯುವವರೂ ವರ್ತಕರೂ ಇದ್ದರು. ಮುತ್ತಿನ ಕಥೆಯೂ ಹೀಗೇ. ಪರ್ಷಿಯಾ ಕೊಲ್ಲಿಯಿಂದ ಬಸ್ರಾದ ಮೂಲಕ ಬಂದ ಮುತ್ತುಗಳನ್ನು ಊರಿನ ಹೊರಗಿನ ಚಂದನಪೇಟೆಯ ಮನೆಮನೆಗಳಲ್ಲಿ ಕೈಯಿಂದ ಕೊರೆಯುತ್ತಿದ್ದರು. ಚಾರ್ ಕಮಾನ್, ಪತ್ತರ್‌ಗಟ್ಟಿಯ ಅಂಗಡಿಗಳಲ್ಲಿ ಪೋಣಿಸಿ ಮಾರುತ್ತಿದ್ದರು. ಈಗ ಬರುವ ಮುತ್ತು ಹೆಚ್ಚಾಗಿ ಚೀನಾದ ಸಿಹಿನೀರಿನದು. ಲಾಡ್ ಬಜಾರಿನ ಅರಗಿನ ಬಳೆ ಮಾತ್ರ ಇಲ್ಲೇ ಒಲೆಯ ಮುಂದೆ ಕಾಯಿಸಿ ಕಲ್ಲು ಕೂರಿಸಿ ಮಾಡಿದ್ದು.

ಹೈದರಾಬಾದಿನ ಅಂಗಡಿಗಳಲ್ಲಿ ‘ನಮ್ಮ ಕಡೆಯದು’ ಎಂದು ಮಾರುವ ಬಿದರಿ ಸಾಮಾನು ಹುಟ್ಟಿದ್ದು ಬೀದರಿನಲ್ಲಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೀರಿದ ಗೆರೆಗಳಲ್ಲಿ ಬೆಳ್ಳಿ ತಂತಿ ಬಡಿದು, ಬೀದರ ಕೋಟೆಯ ಹಳೆಯ ಮಣ್ಣಿನ ಜೊತೆ ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಹುಕ್ಕಾ, ಹೂಜಿ, ತಾಂಬೂಲದ ಪೆಟ್ಟಿಗೆಗಳ ದೊಡ್ಡ ಬಿದರಿ ಸಂಗ್ರಹವಿದೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನನ ಸಂಗ್ರಹದಿಂದ 1951ರಲ್ಲಿ ತೆರೆದ ಈ ಸಂಗ್ರಹಾಲಯಕ್ಕೆ ಹೋದವರೆಲ್ಲ ಬೆಂಜೋನಿಯ ಮುಸುಕಿನ ರೆಬೆಕ್ಕಾ ಮತ್ತು ಗಂಟೆ ಹೊಡೆಯುವ ಗಡಿಯಾರದ ಮುಂದೆ ಗುಂಪುಗೂಡುತ್ತಾರೆ. ಬಿದರಿ ಕೋಣೆಯಲ್ಲಿ ನೆಮ್ಮದಿಯಾಗಿ ನೋಡಬಹುದು.

ಜಿಂದಾ ತಿಲಿಸ್ಮಾತ್ ಹೆಸರು ಕೇಳದ ಮನೆ ಕಲ್ಯಾಣ ಕರ್ನಾಟಕದಲ್ಲಿ ಕಡಮೆ. ನೆಗಡಿ, ತಲೆನೋವು, ಹೊಟ್ಟೆನೋವು ಎಲ್ಲಕ್ಕೂ ಒಂದೇ ಸೀಸೆ. 1920ರಲ್ಲಿ ಹೈದರಾಬಾದಿನ ಹಕೀಮರೊಬ್ಬರು ತಯಾರಿಸಿದ ನೀಲಗಿರಿ ಎಣ್ಣೆ, ಕರ್ಪೂರದ ಈ ಔಷಧದ ಪೊಟ್ಟಣದ ಮೇಲೆ ಸಿದ್ದಿ ಸೈನಿಕನ ಚಿತ್ರವಿದೆ.

ಕಚ್ಚಿ ಬಿರಿಯಾನಿಯಲ್ಲಿ ಮೊಸರು, ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಮುಚ್ಚಳದ ಸುತ್ತ ಕಣಕದ ಹಿಟ್ಟು ಮೆತ್ತಿ ದಮ್ ಕೊಡುತ್ತಾರೆ. ಮಾಂಸ, ಅಕ್ಕಿ ಎರಡೂ ಒಂದೇ ಗಳಿಗೆಗೆ ಹದ ಬರಬೇಕು. ಅಳತೆಯಲ್ಲಿ ಎಡವಿದರೆ ಸರಿಪಡಿಸುವ ದಾರಿಯಿಲ್ಲ. ಹಲೀಮ್ ರಂಜಾನಿನ ತಿನಿಸು. ಗೋಧಿ, ಮಾಂಸ, ಬೇಳೆ, ತುಪ್ಪವನ್ನು ಇಟ್ಟಿಗೆಯ ಭಟ್ಟಿಯ ಮೇಲೆ ತಾಸುಗಟ್ಟಲೆ ಬೇಯಿಸುತ್ತ ಮರದ ಗುದ್ದಿಗೆಯಿಂದ ಇಬ್ಬರು ಮೂವರು ಕುಟ್ಟುತ್ತಾರೆ. 2010ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಹೈದರಾಬಾದಿನ ಅಡುಗೆಯ ಗುರುತು ಕೇಸರಿಯಲ್ಲಾಗಲಿ ಬಾದಾಮಿಯಲ್ಲಾಗಲಿ ಇಲ್ಲ, ಹುಣಸೆಹಣ್ಣಿನಲ್ಲಿದೆ. ಖಟ್ಟಿ ದಾಲ್, ಮಿರ್ಚಿ ಕಾ ಸಾಲನ್, ಬಘಾರಾ ಬೈಂಗನ್ ಎಲ್ಲದರಲ್ಲೂ ಹುಳಿ ಮುಂದೆ. ಶೇಂಗಾ, ಎಳ್ಳು, ಕೊಬ್ಬರಿ ಅರೆದು ಹಾಕಿದ ಬಘಾರಾ ಬೈಂಗನ್ ನಮ್ಮ ಬದನೆಕಾಯಿ ಎಣ್ಣೆಗಾಯಿಯ ದಾಯಾದಿ. ಇರಾನಿ ಚಹಾಕ್ಕೆ ಹಾಲನ್ನೂ ಡಿಕಾಕ್ಷನ್ನನ್ನೂ ಬೇರೆ ಬೇರೆ ಕುದಿಸುತ್ತಾರೆ. ಜೊತೆಗೆ ಸಿಹಿ, ಉಪ್ಪು ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತು.

ಹಬ್ಬಗಳಲ್ಲಿ ಆಷಾಢದ ಬೋನಾಲು ಗೋಲ್ಕೊಂಡದಲ್ಲಿ ಮೊದಲಾಗಿ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ, ಲಾಲ್ ದರವಾಜಗಳಿಗೆ ಬರುತ್ತದೆ. ಮೊಹರಂನಲ್ಲಿ ಬೀಬಿ ಕಾ ಆಲಂ ಮೆರವಣಿಗೆ, ಭಾದ್ರಪದದಲ್ಲಿ ಖೈರತಾಬಾದಿನ ದೊಡ್ಡ ಗಣಪತಿ. ನಾಂಪಲ್ಲಿಯ ನುಮಾಯಿಷ್ ಎಂಬ ವಸ್ತುಪ್ರದರ್ಶನ 1938ರಲ್ಲಿ ಉಸ್ಮಾನಿಯಾದ ಪದವೀಧರರು ಆರಂಭಿಸಿದ್ದು.

ಹೊಸ ಊರು

1998ರ ಸೈಬರ್ ಟವರ್ಸ್‌ನಿಂದ ಪಶ್ಚಿಮಕ್ಕೆ ಬೆಳೆದ ಗಾಜಿನ ಹೈದರಾಬಾದ್ ಬೇರೆ ಯಾವ ಮಹಾನಗರದಲ್ಲೂ ಇರಬಹುದಾದದ್ದು. ಶಂಷಾಬಾದಿನ ವಿಮಾನ ನಿಲ್ದಾಣ 2008ರಲ್ಲಿ, ಮೆಟ್ರೊ 2017ರಲ್ಲಿ ಬಂದವು. ಇವುಗಳಿಗಿಂತ ಕನ್ನಡ ರೈತನಿಗೆ ಹತ್ತಿರದ್ದು ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇದು. ಸೊರಗು ರೋಗ ತಡೆಯುವ ಇಲ್ಲಿನ ಐಸಿಪಿ 8863 ತೊಗರಿ 1986ರಲ್ಲಿ ‘ಮಾರುತಿ’ ಹೆಸರಿನಲ್ಲಿ ಕರ್ನಾಟಕಕ್ಕೆ ಬಂದು ಕಲಬುರಗಿಯ ಹೊಲಗಳಲ್ಲಿ ಹರಡಿತು.

ಕನ್ನಡದ ನಂಟು

ನಿಜಾಮ ರಾಜ್ಯದ ನೋಟುಗಳಲ್ಲಿ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇತ್ತು. ಕನ್ನಡಕ್ಕೆ ಸಿಕ್ಕ ಸರ್ಕಾರಿ ಮರ್ಯಾದೆ ಹೆಚ್ಚುಕಡಿಮೆ ಅಷ್ಟೇ. ಆಡಳಿತವೂ ಕೋರ್ಟೂ ಉರ್ದುವಿನಲ್ಲಿ. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ದೊಡ್ಡ ಪ್ರಯೋಗ, ಆದರೆ ಆ ಭಾಷೆ ರಾಜ್ಯದ ಬಹುಪಾಲು ಜನರದಾಗಿರಲಿಲ್ಲ. ಡಿ.ಕೆ. ಭೀಮಸೇನರಾಯರು ಅಲ್ಲಿ ಕನ್ನಡ ಕಲಿಸಿದರು. ಸಿದ್ದಯ್ಯ ಪುರಾಣಿಕರು ಅಲ್ಲಿ ಓದಿ ಹೈದರಾಬಾದ್ ಸರ್ಕಾರದ ಅಧಿಕಾರಿಯಾದರು. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದರು. ಉರ್ದುವಿನ ಹೇರಿಕೆಯಿಂದ ನೊಂದ ಸೀಮೆಯೇ ಉರ್ದುವಿನ ಚೆಲುವನ್ನೂ ಕನ್ನಡಕ್ಕೆ ಕೊಟ್ಟಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಊರಿನ ಕನ್ನಡಿಗರ ನೆಲೆಗಳು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟ ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ; ಅವರ ಸಮಾಧಿ ಬೇಗಂಪೇಟೆಯಲ್ಲಿದೆ.

ರಾಜ್ಯದ ಪುರಾತತ್ವ ಇಲಾಖೆ 1914ರಲ್ಲಿ ಗುಲಾಂ ಯಜ್ದಾನಿ ಅವರ ನೇತೃತ್ವದಲ್ಲಿ ಹುಟ್ಟಿತು. ಮರುವರ್ಷ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕ ಅದನ್ನು ಕುರಿತದ್ದು. ಯಜ್ದಾನಿಯವರ ಬೀದರಿನ ಗ್ರಂಥ 1947ರದು. ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆಗೆ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಆದದ್ದೂ 1947ರಲ್ಲಿ. ತುಂಗಭದ್ರಾ ಅಣೆಕಟ್ಟು ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಕೂಡಿ ಹಿಡಿದ ಕೆಲಸ. 1945ರಲ್ಲಿ ಅಡಿಗಲ್ಲು ಬಿತ್ತು.

1956ರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ರಾಜಧಾನಿಯಿಂದ ಬೇರ್ಪಟ್ಟ ಈ ಭಾಗಕ್ಕೆ ಹೊಸ ರಾಜಧಾನಿ ದೂರವಾಯಿತು. ಹಿಂದುಳಿದಿರುವಿಕೆ ಸರಿಪಡಿಸಲು ಸಂವಿಧಾನದ 371(ಜೆ) ವಿಧಿ ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಹೆಸರು ಹೋದರೂ ಕಾಗದಗಳು ಹೋಗಿಲ್ಲ. ನಿಜಾಮ ಸರ್ಕಾರದ ದಫ್ತರಗಳು ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿ ಫಾರಸಿ, ಉರ್ದುವಿನಲ್ಲಿವೆ. ಅವುಗಳನ್ನು ಓದದೆ ನಮ್ಮ ಮೂರು ಜಿಲ್ಲೆಗಳ ಇನ್ನೂರು ವರ್ಷದ ಚರಿತ್ರೆ ಪೂರ್ತಿಯಾಗುವುದಿಲ್ಲ. ಕನ್ನಡದ ಜೊತೆ ಆ ಲಿಪಿಯನ್ನೂ ಬಲ್ಲ ಹಳೆಯ ತಲೆಮಾರು ಕರಗುತ್ತಿದೆ. ಕಲಬುರಗಿ, ಬೀದರ, ರಾಯಚೂರಿನ ವಿಶ್ವವಿದ್ಯಾಲಯಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಉರ್ದು ಓದಲು ಕಲಿಸಿ, ಅವರನ್ನು ತಾರ್ನಾಕಾಕ್ಕೆ ಕಳಿಸುವ ಏರ್ಪಾಡು ಮಾಡಬೇಕು.